ಊನ ಬೇಗ ಕಾಣುವ ಹುಡುಗಿಗೆ ಹೊಸೂರು ಕಡೆ ಯಾವ ಕೆಲಸ ಸರಿ: ಲೈನ್ ಇನ್‌ಸ್ಪೆಕ್ಷನ್ನಾ, ಮೆಷಿನ್ ಶಾಪಾ?

ಕೋಟೆ ಅಣ್ಣ

ನಮ್ಮದು ಡೆಂಕಣಿಕೋಟೆ ಪಕ್ಕದ ಹಳ್ಳಿ. ತಂಗಿ ಈ ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ಏನೇ ಕೈಗೆ ಕೊಟ್ಟರೂ ಅದರಲ್ಲಿರುವ ಊನವೇ ಅವಳಿಗೆ ಮೊದಲು ಕಾಣುವುದು. ಮದುವೆ ಪತ್ರಿಕೆ ಬಂದರೆ ಮುಹೂರ್ತ ನೋಡುವ ಮುಂಚೆ ಅಚ್ಚಿನ ತಪ್ಪು ಹುಡುಕುತ್ತಾಳೆ. ಮನೆಯಲ್ಲಿ ಇದಕ್ಕೆ ಬೈಗುಳವೇ ಜಾಸ್ತಿ. ಫ್ಯಾಕ್ಟರಿಗಳಲ್ಲಿ ಇಂಥವರಿಗೆ ಬೆಲೆ ಇದೆ ಎಂದು ಕಾಲೇಜಿನ ಮೇಷ್ಟ್ರು ಹೇಳಿದ್ದಾರಂತೆ.

ಈಗ ಎರಡು ದಾರಿ ಇದೆ. ಒಂದು, ಹೊಸೂರು ಕಡೆಯ ದೊಡ್ಡ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ವಿಶುವಲ್ ಇನ್‌ಸ್ಪೆಕ್ಷನ್. ಕಾಂಟ್ರ್ಯಾಕ್ಟರ್ ಮೂಲಕ ಹೋಗಬೇಕು. ಬಸ್ಸು, ಊಟ, ಹಾಸ್ಟೆಲ್ ಎಲ್ಲ ಅವರದ್ದೇ. ಇನ್ನೊಂದು, ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ಮೆಷಿನ್ ಶಾಪ್. ಗಾಡಿಗಳ ಬಿಡಿಭಾಗ ಮಾಡುತ್ತಾರೆ. ಕ್ವಾಲಿಟಿ ವಿಭಾಗಕ್ಕೆ ಅಪ್ರೆಂಟಿಸ್ ಬೇಕಂತೆ. ಸ್ಟೈಪೆಂಡ್ ಮಾತ್ರ ಮೊದಲನೆಯದರ ಸಂಬಳಕ್ಕಿಂತ ಕಮ್ಮಿ.

ಅಮ್ಮನಿಗೆ ದೊಡ್ಡ ಫ್ಯಾಕ್ಟರಿಯೇ ಇಷ್ಟ. ತಂಗಿ ಏನೂ ಹೇಳುತ್ತಿಲ್ಲ. ಇನ್ನೊಂದು ವಿಷಯ, ಅವಳು ಹತ್ತನೇ ತನಕ ಓದಿದ್ದು ಕನ್ನಡ ಮೀಡಿಯಂ. ತಮಿಳು ಚೆನ್ನಾಗಿ ಮಾತಾಡುತ್ತಾಳೆ, ಓದುವುದು ನಿಧಾನ. ಇದರಿಂದ ತೊಂದರೆ ಆಗುತ್ತಾ? ಇದೇ ಕೆಲಸದಲ್ಲಿ ಇರುವವರು ಹೇಳಿ.

ಮೈಕ್ರಾನ್ ಮಾವ

ಹೊಸೂರಿನಲ್ಲೇ ಕ್ವಾಲಿಟಿ ಕೆಲಸ ಮಾಡಿ ತಲೆ ನರೆಸಿಕೊಂಡವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಓದಿ ತಮ್ಮ.

ಇನ್‌ಸ್ಪೆಕ್ಷನ್ ಎಂದು ಬೋರ್ಡ್ ಹಾಕಿದ ಕೆಲಸವೆಲ್ಲ ಒಂದೇ ಅಲ್ಲ. ಕಣ್ಣಿನಿಂದ ನೋಡಿ ಹೇಳುವುದು ಒಂದು ಬಗೆ. ಗೀರು ಬಿದ್ದಿದೆಯಾ, ಬಣ್ಣ ಸಮ ಇದೆಯಾ, ಸ್ಟಿಕ್ಕರ್ ಓರೆ ಆಗಿದೆಯಾ, ಇಷ್ಟು. ಅಳತೆ ಮಾಡಿ ಹೇಳುವುದು ಇನ್ನೊಂದು. ಎರಡಕ್ಕೂ ಸೂಕ್ಷ್ಮ ಬುದ್ಧಿ ಬೇಕು. ಆದರೆ ಎರಡನೆಯದರಲ್ಲಿ ಡ್ರಾಯಿಂಗ್ ಓದಲು ಬರಬೇಕು, ಉಪಕರಣ ಹಿಡಿಯುವ ಕೈ ಹದಕ್ಕೆ ಬರಬೇಕು. ಅದನ್ನು ಕಲಿತರೆ ಯಾವ ಫ್ಯಾಕ್ಟರಿಗೆ ಹೋದರೂ ಅದು ನಿಮ್ಮ ಜೊತೆ ಬರುತ್ತದೆ.

ಮೆಷಿನ್ ಶಾಪ್‌ನಲ್ಲಿ ಏನು ನಡೆಯುತ್ತದೆ ನೋಡಿ. ಸೆಟ್ಟಿಂಗ್ ಮಾಡಿದ ಮೇಲೆ ಆಪರೇಟರ್ ಮೊದಲ ಪೀಸ್ ತಂದು ಕೊಡುತ್ತಾನೆ. ಅದಕ್ಕೆ ಫಸ್ಟ್ ಆಫ್ ಎನ್ನುತ್ತಾರೆ. ಡ್ರಾಯಿಂಗ್ ಪಕ್ಕದಲ್ಲಿಟ್ಟು ಒಂದೊಂದು ಅಳತೆಯನ್ನೂ ನೋಡಬೇಕು. ಓಕೆ ಎಂದು ಸಹಿ ಬಿದ್ದ ಮೇಲೆಯೇ ಮೆಷಿನ್ ಓಡುವುದು. ಆಮೇಲೆ ಗಂಟೆಗೋ ಎರಡು ಗಂಟೆಗೋ ಒಮ್ಮೆ ಲೈನ್ ಸುತ್ತಿ ಪೀಸ್ ಎತ್ತಿ ನೋಡುವುದು ಪ್ಯಾಟ್ರೋಲ್ (ಗಸ್ತು) ಇನ್‌ಸ್ಪೆಕ್ಷನ್. ಕೊನೆಯಲ್ಲಿ ಡಿಸ್ಪ್ಯಾಚ್‌ಗೆ ಮುಂಚೆ ಇನ್ನೊಂದು ಸಲ. ಇದೆಲ್ಲ ಸರಿ ಇರಬೇಕಾದರೆ ಗೇಜ್‌ಗಳೇ, ಅಂದರೆ ಅಳೆಯುವ ಉಪಕರಣಗಳೇ ಸರಿ ಇರಬೇಕಲ್ವಾ? ಅದನ್ನು ನೋಡಿಕೊಳ್ಳುವುದು ಸ್ಟ್ಯಾಂಡರ್ಡ್ ರೂಮ್. ಏಸಿ ಹಾಕಿ 20 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಅಳತೆಗೆ ಪ್ರಪಂಚವೆಲ್ಲ ಒಪ್ಪಿದ ಉಷ್ಣತೆ ಅದು.

20 ಡಿಗ್ರಿಯೇ ಏಕೆ ಮುಖ್ಯ ಎಂದು ಹುಡುಗರು ಕೇಳುತ್ತಾರೆ. ಡ್ರಾಯಿಂಗ್‌ನಲ್ಲಿ 50 ಎಚ್6 ಶಾಫ್ಟ್ ಇದೆ ಎಂದುಕೊಳ್ಳಿ. 50 ಅದರ ಮಿಲಿಮೀಟರ್ ದಪ್ಪ, ಎಚ್6 ಮಿತಿಯ ಗುರುತು. ಅದರ ಮಿತಿ 49.984ರಿಂದ 50.000 ಮಿಲಿಮೀಟರ್. ಒಟ್ಟು 16 ಮೈಕ್ರಾನ್ ಬಿಡುವು (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಮೆಷಿನ್‌ನಿಂದ ಈಗಷ್ಟೇ ಇಳಿದ ಪೀಸ್ 40 ಡಿಗ್ರಿ ಬಿಸಿ ಇದ್ದರೆ ಉಕ್ಕು ಹಿಗ್ಗಿ ಸುಮಾರು 11 ಮೈಕ್ರಾನ್ ದಪ್ಪ ತೋರಿಸುತ್ತದೆ. ಬಿಸಿಯಲ್ಲಿ 49.990 ಬಂತು, ಓಕೆ ಎಂದು ಸಹಿ ಹಾಕುತ್ತೀರಿ. ತಣ್ಣಗಾದ ಮೇಲೆ ಅದೇ ಪೀಸ್ 49.979. ರಿಜೆಕ್ಟ್! ಅಲ್ಯೂಮಿನಿಯಂ ಆದರೆ ಹಿಗ್ಗುವುದು ಇದರ ಎರಡು ಪಟ್ಟು. ಇಂಥದ್ದು ತಲೆಗೆ ಹೊಳೆಯುವವರು ಈ ಕೆಲಸಕ್ಕೆ ಬೇಕು.

ಹೊಸೂರು ಎಂದರೆ ಗಾಡಿಗಳು ಮಾತ್ರ ಅಲ್ಲ ಎಂಬುದೂ ನೆನಪಿರಲಿ. ಟೈಟಾನ್‌ನವರ ವಾಚ್ ಫ್ಯಾಕ್ಟರಿ ಇಲ್ಲೇ ಇದೆ. ಅವರ ಎಡ್ಜ್ ವಾಚಿನ ಮೂವ್‌ಮೆಂಟ್, ಅಂದರೆ ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಅಂಥ ಕಡೆ ಒಂದು ಧೂಳಿನ ಕಣ ಬಿದ್ದರೂ ಊನವೇ.

ತಮಿಳು ಓದುವುದರ ಬಗ್ಗೆ ಹೆದರಬೇಡಿ. ಡ್ರಾಯಿಂಗ್‌ನಲ್ಲಿ ಇರುವುದು ಅಂಕಿ, ಚಿಹ್ನೆ, ನಾಲ್ಕು ಇಂಗ್ಲಿಷ್ ಪದ. ಫ್ಲೋರ್‌ನಲ್ಲಿ ತಮಿಳು, ಕನ್ನಡ, ತೆಲುಗು, ಹಿಂದಿ ಎಲ್ಲ ಕಲಸಿ ಮಾತಾಡುತ್ತಾರೆ.

ಕುಂಬಳೆ ಅಕ್ಕ

ನಮ್ಮ ಕಾಸರಗೋಡು ಕಡೆ ಇದು ಹೊಸ ಕೆಲಸವೇ ಅಲ್ಲ ಮಾರಾಯ್ರೆ. ಗೇರುಬೀಜದ ಫ್ಯಾಕ್ಟರಿಯಲ್ಲಿ ಗ್ರೇಡಿಂಗ್ ಮಾಡುವವರು ಹೆಂಗಸರೇ. ಡಬ್ಲ್ಯೂ 180, 210, 240, 320, 450 ಎಂದು ಗ್ರೇಡ್ ಉಂಟು. ಒಂದು ಪೌಂಡ್, ಅಂದರೆ 454 ಗ್ರಾಮ್ ತೂಕಕ್ಕೆ ಎಷ್ಟು ಇಡೀ ಬೀಜ ಬರುತ್ತದೆ ಎಂಬ ಲೆಕ್ಕ ಅದು. ಅಂಕಿ ಸಣ್ಣದಾದಷ್ಟೂ ಬೀಜ ದೊಡ್ಡದು, ಬೆಲೆಯೂ ಜಾಸ್ತಿ. ಹುರಿಯುವಾಗ ಸ್ವಲ್ಪ ಕೆಂಪಾದದ್ದು ಬೇರೆ, ಎರಡು ಹೋಳಾದದ್ದು ಬೇರೆ, ತುದಿ ಮುರಿದದ್ದು ಬೇರೆ. ನನ್ನ ಅತ್ತೆ ಕೈಯಲ್ಲಿ ಹಿಡಿದ ಕೂಡಲೇ 240 ಯಾವುದು, 320 ಯಾವುದು ಎಂದು ಹೇಳುತ್ತಿದ್ದರು. ತೂಕ ಹಾಕಿ ಎಣಿಸಿದರೆ ಸರಿಯಾಗಿಯೇ ಇರುತ್ತಿತ್ತು.

ಅಡಿಕೆಯಲ್ಲಿಯೂ ಹಾಗೆಯೇ. ಚಾಲಿ, ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ವಿಂಗಡಿಸುವುದು ಯಾವ ಮೆಷಿನ್ ಇನ್‌ಸ್ಪೆಕ್ಷನ್ನಿಗೂ ಕಮ್ಮಿ ಇಲ್ಲ.

ಆದರೆ ಕೇಳಿ. ಅತ್ತೆಗೆ ಇಷ್ಟು ಕೌಶಲ ಇದ್ದರೂ ಕಾಗದದಲ್ಲಿ ಏನೂ ಬರಲಿಲ್ಲ. ಫ್ಯಾಕ್ಟರಿ ಮುಚ್ಚಿದ ದಿನ ಅವರು ಬರೀ ಕೂಲಿಯವರು. ಬೇರೆ ಕಡೆ ಹೋಗಿ ನನಗೆ ಇದು ಗೊತ್ತುಂಟು ಎಂದು ತೋರಿಸಲು ಒಂದು ಚೀಟಿಯೂ ಇಲ್ಲ. ಬೆನ್ನು ನೋವು ಮಾತ್ರ ಉಳಿಯಿತು. ನಿಮ್ಮ ತಂಗಿಗೆ ಯಾವುದು ಸರ್ಟಿಫಿಕೇಟ್ ಕೊಡುತ್ತದೋ ಅಲ್ಲಿಗೆ ಕಳಿಸಿ.

ನಮ್ಮ ಸಂಬಂಧದ ಹುಡುಗಿಯೊಬ್ಬಳು ನೆಟ್ಟೂರಿನ ಎನ್‌ಟಿಟಿಎಫ್‌ನಲ್ಲಿ ಕಲಿತಳು. ತಲಶ್ಶೇರಿ ಹತ್ತಿರ 1959ರಲ್ಲಿ ಶುರುವಾದ ತಾಂತ್ರಿಕ ತರಬೇತಿ ಸಂಸ್ಥೆ. ಟೂಲ್ ರೂಮ್ ಕೆಲಸ ಕೈಯಾರೆ ಮಾಡಿಸಿ ಕಲಿಸುತ್ತಾರೆ. ಬೆಂಗಳೂರಿನಲ್ಲಿಯೂ ಅವರ ಕ್ಯಾಂಪಸ್ ಉಂಟು, ಹೊಸೂರಿನವರಿಗೆ ಅದು ಹತ್ತಿರ.

ಲೈನ್ ಲೀಡರ್

ಮಾವ ಹೇಳಿದ್ದರಲ್ಲಿ ಒಂದು ಮಾತು ನನಗೆ ಒಪ್ಪಿಗೆ ಇಲ್ಲ. ಎಲೆಕ್ಟ್ರಾನಿಕ್ಸ್ ಲೈನ್ ಎಂದರೆ ಸುಮ್ನೆ ಗೀರು ನೋಡುವುದು ಎಂಬ ಹಾಗೆ ಬರೆದಿದ್ದೀರಿ. ನಾನು ಸರ್ಕ್ಯೂಟ್ ಬೋರ್ಡ್ ಜೋಡಿಸುವ ಕಡೆ ಇದ್ದೇನೆ. ನಮಗೆ ಐಪಿಸಿ-ಎ-610 ಎಂಬ ಮಾನದಂಡ ಇದೆ. ಬೆಸುಗೆ ಹೇಗಿದ್ದರೆ ಒಪ್ಪಬಹುದು, ಹೇಗಿದ್ದರೆ ಬೇಡ ಎಂದು ಚಿತ್ರ ಸಮೇತ ಇದೆ. ಅದರಲ್ಲಿ ಮೂರು ಕ್ಲಾಸ್. ಮನೆಬಳಕೆಯ ಸಾದಾ ವಸ್ತುವಿಗೆ ಒಂದನೇ ಕ್ಲಾಸ್. ವಿಮಾನ, ಜೀವ ಉಳಿಸುವ ಉಪಕರಣದಂಥವಕ್ಕೆ ಮೂರನೇದು. ಒಂದೇ ಬೆಸುಗೆ ಒಂದು ಕ್ಲಾಸಿನಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್. ಇದಕ್ಕೆ ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಳ್ಳಬಹುದು. ಅದಕ್ಕೆ ಎಲ್ಲಾ ಕಡೆ ಬೆಲೆ ಇದೆ.

ತೊಂದರೆ ಇರುವುದು ಕೆಲಸದಲ್ಲಿ ಅಲ್ಲ, ಕಾಂಟ್ರ್ಯಾಕ್ಟ್‌ನಲ್ಲಿ. ಕಾಂಟ್ರ್ಯಾಕ್ಟರ್ ಹುಡುಗಿಯರಿಗೆ ಸರ್ಟಿಫಿಕೇಟ್ ಟ್ರೇನಿಂಗ್ ಕೊಡಿಸುವ ಕಡೆ ಕಮ್ಮಿ. ಸೇರುವ ಮುಂಚೆ ಇದನ್ನು ಕೇಳಿ: ಪಿಎಫ್ ಯಾರ ಹೆಸರಲ್ಲಿ ಕಟ್ಟುತ್ತಾರೆ, ಒಂದೇ ಜಾಗದಲ್ಲಿ ಎಷ್ಟು ಹೊತ್ತು ಕೂರಿಸುತ್ತಾರೆ, ಬೇರೆ ಸ್ಟೇಷನ್‌ಗೆ ಬದಲಿಸುತ್ತಾರಾ.

ಸುಮ್ನೆ ಓದುವವನು

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಕಣ್ಣಿನ ಕೆಲಸವನ್ನೆಲ್ಲ ಕ್ಯಾಮೆರಾ ತಿಂದು ಹಾಕುತ್ತಿದೆ. ಗೇರುಬೀಜಕ್ಕೂ ಕಲರ್ ಸಾರ್ಟರ್ ಬಂದಿದೆ. ಮನುಷ್ಯನ ಕಣ್ಣನ್ನು ನಂಬಲೂ ಆಗುವುದಿಲ್ಲ. 1948ರಲ್ಲೇ ಬ್ರಿಟನ್ನಿನ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಇದನ್ನು ತೋರಿಸಿದ್ದಾನೆ. ಗಡಿಯಾರದ ಮುಳ್ಳು ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ, ಅದನ್ನು ಗುರುತಿಸಬೇಕು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ತಪ್ಪಿಸಿಕೊಳ್ಳಲು ಶುರು ಮಾಡಿದರು. ಎಂಟು ಗಂಟೆ ಲೈನ್‌ನಲ್ಲಿ ಕೂತವರ ಗತಿ ಏನು? ಇಂಥ ಕೆಲಸಕ್ಕೆ ಡಿಪ್ಲೊಮಾ ಹುಡುಗಿಯನ್ನು ಕಳಿಸುವುದೇ ತಪ್ಪು ಎನ್ನುತ್ತೇನೆ.

ಲೈನ್ ಲೀಡರ್

ಕ್ಯಾಮೆರಾ ನಮ್ಮಲ್ಲಿ ಎಂದೋ ಬಂದಿದೆ ಸಾರ್. ಎಒಐ ಎನ್ನುತ್ತೇವೆ. ಅದು ಬಂದ ಮೇಲೆ ಕೆಲಸ ಹೋಗಲಿಲ್ಲ, ಬದಲಾಯಿತು. ಮೆಷಿನ್ ಅನುಮಾನ ಬಂದದ್ದನ್ನೆಲ್ಲ ಕೆಂಪು ಮಾಡಿ ತೋರಿಸುತ್ತದೆ. ಅದರಲ್ಲಿ ಎಷ್ಟೋ ಬೋರ್ಡ್ ಚೆನ್ನಾಗಿಯೇ ಇರುತ್ತವೆ. ನಿಜವಾದ ಊನ ಯಾವುದು, ಬೆಳಕಿನ ಮೋಸ ಯಾವುದು ಎಂದು ಒಬ್ಬರು ನೋಡಿ ಹೇಳಬೇಕು. ಪ್ರೋಗ್ರಾಂ ಬಿಗಿ ಮಾಡಿದರೆ ಸುಳ್ಳು ಅಲಾರಂ ಜಾಸ್ತಿ, ಸಡಿಲ ಮಾಡಿದರೆ ಊನ ದಾಟಿ ಹೋಗುತ್ತದೆ. ಅದನ್ನು ಹದ ಮಾಡುವವರೂ ಹಿಂದೆ ಕಣ್ಣಲ್ಲಿ ನೋಡುತ್ತಿದ್ದವರೇ.

ಆಯಾಸದ ಮಾತು ನಿಜ. ಅದಕ್ಕೇ ಜಾಗ ಬದಲಿಸುತ್ತಾರಾ ಎಂದು ಕೇಳಿ ಎಂದದ್ದು.

ಗಡಿಂಗ್ಲಜ ಫೌಂಡ್ರಿ

ನಮಸ್ಕಾರ ರೀ. ಊರು ಗಡಿಂಗ್ಲಜ, ಕೆಲಸ ಕೊಲ್ಹಾಪುರದ ಶಿರೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ನಮ್ಮದು ಎರಕದ ಕೆಲಸ. ಇಲ್ಲಿ ಊನ ಒಳಗೇ ಕೂತಿರುತ್ತದೆ. ಬ್ಲೋ ಹೋಲ್ (ಗಾಳಿಯ ತೂತು), ಶ್ರಿಂಕೇಜ್ (ಕುಗ್ಗಿ ಆದ ಟೊಳ್ಳು), ಮರಳು ಸೇರಿದ್ದು, ಕೋಲ್ಡ್ ಶಟ್ (ಲೋಹ ಕೂಡಿಕೊಳ್ಳದ ಗೆರೆ). ಹೊರಗಿನಿಂದ ನೋಡಿದರೆ ಹೊಳೆಯುವ ಪೀಸ್, ಮೆಷಿನಿಂಗ್ ಮಾಡಿದ ಮೇಲೆ ತೂತು ಬಾಯಿ ಬಿಡುತ್ತದೆ.

ಸೂಕ್ಷ್ಮ ಇರುವವರಿಗೆ ನಾನು ಹೇಳುವ ದಾರಿ ಎನ್‌ಡಿಟಿ. ಪೀಸ್ ಒಡೆಯದೆ ಊನ ಹುಡುಕುವುದು. ಡೈ ಪೆನಿಟ್ರಂಟ್ ಎಲ್ಲಕ್ಕಿಂತ ಸುಲಭ, ಮೇಲ್ಮೈಗೆ ಬಾಯಿ ತೆರೆದ ಬಿರುಕಿಗೆ ಅದು. ಪೀಸ್ ಸ್ವಚ್ಛ ಮಾಡಿ ಕೆಂಪು ದ್ರವ ಹಚ್ಚಬೇಕು. ಬಿರುಕಿನೊಳಗೆ ಇಳಿಯಲು ಬಿಡಬೇಕು. ಮೇಲಿನದನ್ನು ಒರೆಸಿ ಬಿಳಿ ಡೆವಲಪರ್ ಹೊಡೆದರೆ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಎಲ್ಲಾ ತಪ್ಪು ಆಗುವುದು ಒರೆಸುವಾಗ ನೋಡ್ರಿ. ಅವಸರದವರು ದ್ರಾವಕವನ್ನು ಸೀದಾ ಪೀಸ್ ಮೇಲೆ ಸ್ಪ್ರೇ ಮಾಡುತ್ತಾರೆ. ಬಿರುಕಿನೊಳಗಿನ ಬಣ್ಣವೂ ತೊಳೆದು ಹೋಗುತ್ತದೆ, ಊನ ಕಾಣುವುದೇ ಇಲ್ಲ. ಬಟ್ಟೆಗೆ ದ್ರಾವಕ ಹಾಕಿಕೊಂಡು ಒರೆಸಬೇಕು. ತಾಳ್ಮೆ ಇರುವವರ ಕೆಲಸ ಎನ್ನುವುದು ಇದಕ್ಕೇ.

ಇದು ಬಿಟ್ಟು ಮ್ಯಾಗ್ನೆಟಿಕ್, ಅಲ್ಟ್ರಾಸಾನಿಕ್, ರೇಡಿಯಾಗ್ರಫಿ ಇವೆ. ಲೆವೆಲ್ 1 ಆದವರು ಹೇಳಿದ ಹಾಗೆ ಪರೀಕ್ಷೆ ಮಾಡುತ್ತಾರೆ. ಲೆವೆಲ್ 2 ಆದವರು ಫಲಿತಾಂಶ ಓದಿ ಸಹಿ ಹಾಕುತ್ತಾರೆ. ವಿಧಾನವನ್ನೇ ಬರೆಯುವವರು ಲೆವೆಲ್ 3. ವರ್ಷಕ್ಕೊಮ್ಮೆ ಹತ್ತಿರದ ದೃಷ್ಟಿ ಪರೀಕ್ಷೆ ಇರುತ್ತದೆ, ಕನ್ನಡಕ ಹಾಕಿಕೊಂಡು ಪಾಸಾದರೂ ಸಾಕು. ರೇಡಿಯಾಗ್ರಫಿಗೆ ಮಾತ್ರ ವಿಕಿರಣ ಸುರಕ್ಷತೆಯ ಬೇರೆ ತರಬೇತಿ ಬೇಕು, ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಇದೆ. ಬೀದಿಗೊಂದು ಸಂಸ್ಥೆ ಎನ್‌ಡಿಟಿ ಕಲಿಸುತ್ತೇವೆ ಎಂದು ಬೋರ್ಡ್ ಹಾಕಿದೆ. ಅನುಭವದ ಗಂಟೆಗಳಿಲ್ಲದೆ ಒಂದೇ ವಾರದಲ್ಲಿ ಲೆವೆಲ್ 2 ಮಾಡಿಸುತ್ತೇವೆ ಎಂದವರ ಕಡೆ ತಲೆ ಹಾಕಬೇಡ್ರಿ.

ಮಡಕಶಿರಾ

ಕಣ್ಣಿನ ವಿಷಯ ಬಂತಲ್ಲ, ಒಂದು ಮಾತು. ಪೆನುಕೊಂಡ ಕಡೆ ಕಾರು ಫ್ಯಾಕ್ಟರಿ ಬಂದ ಮೇಲೆ ಸುತ್ತ ಬಿಡಿಭಾಗದವರೂ ಬಂದರು. ವೈರ್ ಹಾರ್ನೆಸ್ (ಗಾಡಿಯ ವೈರ್‌ಗಳ ಕಟ್ಟು) ಚೆಕಿಂಗ್‌ಗೆ ಹೋಗಿದ್ದೆ. ಚುಕ್ಕಿಗಳ ನಡುವೆ ಅಂಕಿ ಓದುವ ಇಶಿಹಾರ ಪರೀಕ್ಷೆ ಮಾಡಿಸಿದರು. ನನಗೆ ಕೆಂಪು ಹಸಿರು ಸರಿಯಾಗಿ ಬೇರೆ ಆಗಿ ಕಾಣುವುದಿಲ್ಲ ಎಂದು ಅಲ್ಲೇ ಗೊತ್ತಾದದ್ದು. ವೈರ್ ಕೆಲಸ ಸಿಗಲಿಲ್ಲ. ಈಗ ಗೇಜ್ ಕ್ಯಾಲಿಬ್ರೇಷನ್, ಅಂದರೆ ಗೇಜ್ ಸರಿಯಾಗಿ ಅಳೆಯುತ್ತದೆಯಾ ಎಂದು ನೋಡುವ ಕೆಲಸ ಮಾಡುತ್ತೇನೆ, ಅಲ್ಲಿ ಬಣ್ಣದ ಹಂಗಿಲ್ಲ. ಇದು ಹುಡುಗಿಯರಲ್ಲಿ ಅಪರೂಪ, ಆದರೂ ಒಮ್ಮೆ ನೋಡಿಸಿಕೊಳ್ಳಿ.

ನೂಲು ಲೆಕ್ಕ

ಇಚಲಕರಂಜಿಯಲ್ಲಿ ಬಟ್ಟೆ ಚೆಕಿಂಗ್ ಮಾಡುತ್ತೇನೆ. ನಮ್ಮಲ್ಲಿ ನಾಲ್ಕು ಪಾಯಿಂಟ್ ಪದ್ಧತಿ. ಊನ 3 ಇಂಚಿನೊಳಗಿದ್ದರೆ 1 ಪಾಯಿಂಟ್, 6 ಇಂಚಿನ ತನಕ 2, 9ರ ತನಕ 3, ಅದಕ್ಕೂ ಉದ್ದ ಇದ್ದರೆ 4. ಒಂದು ಗಜದಲ್ಲಿ ಎಷ್ಟೇ ಊನ ಇರಲಿ, 4ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ನೂರು ಚದರ ಗಜಕ್ಕೆ 40 ಪಾಯಿಂಟ್ ದಾಟಿದರೆ ಸಾಮಾನ್ಯವಾಗಿ ಬಟ್ಟೆಯ ತಾನು ವಾಪಸ್. ಹೊಸಬರು ಕಂಡದ್ದಕ್ಕೆಲ್ಲ 4 ಹಾಕುತ್ತಾರೆ. ಮಾಲೀಕರಿಗೆ ತಲೆನೋವು ಅವರೇ.

ಮೈಕ್ರಾನ್ ಮಾವ

ನೂಲು ಲೆಕ್ಕದವರು ಹೇಳಿದ್ದು ನನ್ನ ಮನಸ್ಸಿನಲ್ಲಿದ್ದ ಮಾತು. ಲೈನ್ ಲೀಡರ್ ಅವರೇ, ನಿಮ್ಮ ಆಕ್ಷೇಪಣೆಯೂ ಒಪ್ಪಿಗೆ. ನಿಮ್ಮ ಮೂರು ಕ್ಲಾಸ್‌ಗಳು ಹೇಳುವುದೂ ಇದನ್ನೇ.

ಕೋಟೆ ತಮ್ಮಾ, ನಿನ್ನ ತಂಗಿಗೆ ಊನ ಹುಡುಕಲು ಯಾರೂ ಕಲಿಸಬೇಕಿಲ್ಲ. ಅವಳು ಕಲಿಯಬೇಕಾದ್ದು ಯಾವುದನ್ನು ಬಿಡಬೇಕು ಎಂಬುದು. ಸೂಕ್ಷ್ಮದವರು ಸೋಲುವುದು ಇಲ್ಲೇ. ಪೇಂಟ್ ಅಡಿ ಮುಚ್ಚಿಹೋಗುವ ಕಡೆ ಒಂದು ಗೀರು ಕಂಡರೆ ಇಡೀ ಟ್ರೇ ರಿಜೆಕ್ಟ್ ಮಾಡಿಬಿಡುತ್ತಾರೆ. ಡ್ರಾಯಿಂಗ್ ಕೊಟ್ಟವನು ಅಷ್ಟು ಬಿಡುವು ಇಟ್ಟಿದ್ದಾನೆ ಎಂದರೆ ಅದರೊಳಗಿನದ್ದೆಲ್ಲ ಒಳ್ಳೆ ಪೀಸೇ. 49.985 ಬಂದದ್ದೂ ಓಕೆ, 49.999 ಬಂದದ್ದೂ ಓಕೆ. ನಟ್ಟನಡುವೆ ಬಂದಿಲ್ಲ ಎಂದು ಮುಖ ಸಿಂಡರಿಸಿದರೆ ಆಪರೇಟರ್ ಜೊತೆ ದಿನಾ ಜಗಳ. ಆದರೆ ಒಂದರ ಹಿಂದೆ ಒಂದು ಪೀಸ್ ಮಿತಿಯ ಕಡೆಗೇ ಜಾರುತ್ತಿದ್ದರೆ ಅದನ್ನು ಚಾರ್ಟ್‌ನಲ್ಲಿ ಹಿಡಿದು ಹೇಳಬೇಕು, ಟೂಲ್ ಸವೆಯುತ್ತಿದೆ ಎಂದು. ಶೆವರ್ಟ್ ಎಂಬ ವಿಜ್ಞಾನಿ 1924ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಸಮೂಹದಲ್ಲಿ ಕಂಟ್ರೋಲ್ ಚಾರ್ಟ್ ಬರೆದದ್ದು ಈ ವ್ಯತ್ಯಾಸ ತಿಳಿಯಲೆಂದೇ. ಸುಮ್ನೆ ಏರಿಳಿಯುವುದು ಯಾವುದು, ನಿಜವಾಗಿ ಕೆಡುತ್ತಿರುವುದು ಯಾವುದು ಎಂದು.

ಕಣ್ಣಿನಿಂದ ನೋಡುವ ಕಡೆ ಲಿಮಿಟ್ ಸ್ಯಾಂಪಲ್ ಇರಬೇಕು. ಇಷ್ಟು ಗೀರು ಓಕೆ, ಇದಕ್ಕಿಂತ ಜಾಸ್ತಿ ಆದರೆ ಬೇಡ ಎಂದು ಕಸ್ಟಮರ್ ಸಹಿ ಹಾಕಿದ ಪೀಸ್ ಅದು. ಅದು ಇಲ್ಲದ ಕಡೆ ಪ್ರತಿ ಶಿಫ್ಟ್‌ಗೂ ಒಂದೊಂದು ಕಾನೂನು.

ಕೋಟೆ ಅಣ್ಣ

ಎಲ್ಲರಿಗೂ ಧನ್ಯವಾದ. ಮೊಬೈಲ್ ತಂಗಿ ಕೈಗೆ ಕೊಟ್ಟೆ, ಎಲ್ಲಾ ಓದಿದಳು. ಒಂದು ಪ್ರಶ್ನೆ ಕೇಳು ಎಂದಳು. ಮಾವ ಬಿಸಿ ಶಾಫ್ಟ್ ಬಗ್ಗೆ ಬರೆದಿದ್ದಾರಲ್ಲ, ಮೆಷಿನ್ ಶಾಪ್‌ನಲ್ಲಿ ಏಸಿ ಇರುವುದಿಲ್ಲ, ಮೇ ತಿಂಗಳಲ್ಲಿ ಎಲ್ಲವೂ ಬಿಸಿಯೇ. ಹಾಗಿದ್ದರೆ ಫ್ಲೋರ್‌ನಲ್ಲಿ ಅಳೆದದ್ದೆಲ್ಲ ತಪ್ಪಾ?

ಮೈಕ್ರಾನ್ ಮಾವ

ಈ ಪ್ರಶ್ನೆ ಕೇಳುವವಳು ಮೆಷಿನ್ ಶಾಪ್‌ಗೇ ಹೋಗಲಿ!

ತಪ್ಪಲ್ಲ. ಫ್ಲೋರ್‌ನಲ್ಲಿ ಹೋಲಿಸಿ ಅಳೆಯುತ್ತೇವೆ. ಸೆಟ್ಟಿಂಗ್ ಮಾಸ್ಟರ್ ಎಂದು ಒಂದು ಪೀಸ್ ಇರುತ್ತದೆ. ಅದರ ಅಳತೆ ಸ್ಟ್ಯಾಂಡರ್ಡ್ ರೂಮ್‌ನಲ್ಲಿ ನೋಡಿದ್ದು. ಅದನ್ನು ಮೆಷಿನ್ ಪಕ್ಕದಲ್ಲೇ ಇಟ್ಟಿರುತ್ತೇವೆ. ಮಾಸ್ಟರ್ ಇಟ್ಟು ಡಯಲ್ ಸೊನ್ನೆ ಮಾಡಿ, ಆಮೇಲೆ ಪೀಸ್ ಇಟ್ಟು ಎಷ್ಟು ವ್ಯತ್ಯಾಸ ಎಂದು ಓದುತ್ತೇವೆ. ಎರಡೂ ಉಕ್ಕು, ಎರಡೂ ಅದೇ ಬಿಸಿಯಲ್ಲಿ ಇದ್ದರೆ ಎರಡೂ ಒಂದೇ ಸಮ ಹಿಗ್ಗಿರುತ್ತವೆ, ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ. ಕೆಡುವುದು ಪೀಸ್ ಈಗಷ್ಟೇ ಇಳಿದು ಮಾಸ್ಟರ್‌ಗಿಂತ ಬಿಸಿ ಇದ್ದಾಗ. ಅಥವಾ ಮಾಸ್ಟರ್ ಉಕ್ಕು, ಪೀಸ್ ಅಲ್ಯೂಮಿನಿಯಂ ಆದಾಗ. ಅದಕ್ಕೇ ಪೀಸನ್ನು ಸ್ವಲ್ಪ ಹೊತ್ತು ಬಿಟ್ಟು ಅಳೆಯಬೇಕು.

ಗಡಿಂಗ್ಲಜ ಫೌಂಡ್ರಿ

ಒಳ್ಳೆಯದನ್ನೇ ಹೇಳಿದರೆ ಸಾಲದು, ಈ ಕೆಲಸದ ಕೆಟ್ಟದ್ದನ್ನೂ ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಕಡೆ ತಿಂಗಳ ಕೊನೆಯಲ್ಲಿ ಲಾರಿ ಗೇಟಿಗೆ ಬಂದು ನಿಲ್ಲುತ್ತಿತ್ತು. ಅಳೆಯಲು ಟೈಮ್ ಇಲ್ಲ, ರಿಪೋರ್ಟ್ ಬರೆದು ಕೊಡು ಎನ್ನುತ್ತಿದ್ದರು. ಹುಡುಗರು ಕೂತಲ್ಲೇ 25.01, 25.01, 25.01 ಎಂದು ಕಾಲಂ ತುಂಬುತ್ತಿದ್ದರು. ಕಸ್ಟಮರ್ ಕಡೆಯ ಆಡಿಟರ್ ಬಂದು ಹಾಳೆ ನೋಡಿದ. ಇಷ್ಟು ಪೀಸ್ ಒಂದೇ ಅಳತೆಗೆ ಬರುವ ಮೆಷಿನ್ ನನಗೂ ತೋರಿಸಿ ಎಂದ. ಸಹಿ ಹಾಕಿದ ಹುಡುಗ ಮನೆಗೆ ಹೋದ. ಬರೆಯಲು ಹೇಳಿದವರು ಅಲ್ಲೇ ಉಳಿದರು.

ತಂಗಿಗೆ ಇಷ್ಟು ಹೇಳ್ರಿ. ಅಳೆದದ್ದನ್ನೇ ಬರೆಯಬೇಕು, ಅಳೆಯದ್ದನ್ನು ಖಾಲಿ ಬಿಡಬೇಕು. ಮಿತಿ ದಾಟಿದ ಪೀಸ್ ಕಳಿಸಲೇಬೇಕು ಎಂದರೆ ಡೀವಿಯೇಷನ್ ಫಾರಂ ಇರುತ್ತದೆ, ಅದಕ್ಕೆ ಮೇಲಿನವರು ಸಹಿ ಹಾಕಲಿ. ಜಗಳ ಮಾಡುವುದೇನೂ ಬೇಡ, ಫಾರಂ ಮುಂದೆ ಇಟ್ಟರೆ ಸಾಕು. ನಾಚಿಕೆ ಸ್ವಭಾವದ ಹುಡುಗಿಯಾದರೆ ಇದೇ ಕಷ್ಟ ಆಗುವುದು, ಅಳತೆ ಅಲ್ಲ.

ಕುಂಬಳೆ ಅಕ್ಕ

ಇದು ಸರಿಯಾದ ಮಾತು. ಅಪ್ರೆಂಟಿಸ್ ಎಂದರೆ ಕಾಗದಪತ್ರ ಸರಿ ಉಂಟೋ ಅದನ್ನೂ ನೋಡಿ. ಕೆಲವು ಕಡೆ ಬಾಯಿಮಾತಿಗೆ ಅಪ್ರೆಂಟಿಸ್ ಎನ್ನುತ್ತಾರೆ, ಎಲ್ಲಿಯೂ ಹೆಸರು ದಾಖಲಾಗಿರುವುದಿಲ್ಲ.

ಲೈನ್ ಲೀಡರ್

ಹೌದು. ಡಿಪ್ಲೊಮಾದವರಿಗೆ ನ್ಯಾಟ್ಸ್ ಯೋಜನೆ ಇದೆ, 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಬರುತ್ತದೆ. ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ಒಂದು ವರ್ಷ ಮುಗಿದರೆ ಸರ್ಕಾರದ ಸರ್ಟಿಫಿಕೇಟ್ ಬರುತ್ತದೆ. ದಕ್ಷಿಣ ಭಾರತಕ್ಕೆ ಇದರ ಆಫೀಸ್ ಚೆನ್ನೈನಲ್ಲಿದೆ. ಎರಡು ವಿಷಯ ಮೊದಲೇ ಗೊತ್ತಿರಲಿ. ಅಪ್ರೆಂಟಿಸ್‌ಗೆ ಪಿಎಫ್ ಇರುವುದಿಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿಯಮವೂ ಇಲ್ಲ. ಈಗ ಇರುವವರಲ್ಲಿ ಎಷ್ಟು ಜನ ಅಪ್ರೆಂಟಿಸ್ ಆಗಿ ಬಂದು ಉಳಿದವರು ಎಂದು ಅಲ್ಲಿಯ ಹುಡುಗರನ್ನೇ ಟೀ ಅಂಗಡಿಯಲ್ಲಿ ವಿಚಾರಿಸಿ. ಎಚ್‌ಆರ್ ಹೇಳುವುದಕ್ಕಿಂತ ಅದು ನಿಜ.

ಮೈಕ್ರಾನ್ ಮಾವ

ಇನ್ನೊಂದು ಕೆಲಸ ಮಾಡಿ. ಇಂಟರ್‌ವ್ಯೂಗೆ ಹೋದಾಗ ಅಲ್ಲಿಯ ಮೈಕ್ರೋಮೀಟರ್ ಮೇಲೆ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಇದೆಯಾ, ತಾರೀಕು ದಾಟಿದೆಯಾ ಎಂದು ಅವಳು ನೋಡಲಿ. ಗೇಜ್‌ಗಳನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರಾ, ಸ್ಪ್ಯಾನರ್ ಜೊತೆ ಗುಡ್ಡೆ ಹಾಕಿದ್ದಾರಾ ಅದನ್ನೂ ನೋಡಲಿ. ಕೆಂಪು ಬಿನ್ ಎಲ್ಲಿದೆ ನೋಡಲಿ. ರಿಜೆಕ್ಟ್ ಪೀಸ್ ಹಾಕುವ ಬಿನ್‌ಗೆ ಬೀಗ ಇದ್ದರೆ ಒಳ್ಳೆ ಕಂಪನಿ. ಪೀಸ್ ಅಲ್ಲೇ ನೆಲದ ಮೇಲೆ ಬಿದ್ದಿದ್ದರೆ, ಸ್ಟೈಪೆಂಡ್ ಎಷ್ಟೇ ಕೊಡಲಿ, ಅಲ್ಲಿ ಕಲಿಯುವುದು ಏನೂ ಇಲ್ಲ. ಆಗ ದೊಡ್ಡ ಫ್ಯಾಕ್ಟರಿಯೇ ಮೇಲು.

ಕೋಟೆ ಅಣ್ಣ

ಸೋಮವಾರ ಸಿಪ್ಕಾಟ್‌ಗೆ ಹೋಗುತ್ತಿದ್ದೇವೆ. ಕಾಂಟ್ರ್ಯಾಕ್ಟರ್‌ಗೆ ಇನ್ನೂ ಇಲ್ಲ ಎಂದಿಲ್ಲ, ವಾರ ಟೈಮ್ ಕೇಳಿದ್ದೇನೆ. ನ್ಯಾಟ್ಸ್ ನೋಂದಣಿ ಇದೆ ಎಂದು ಫೋನ್‌ನಲ್ಲಿ ಹೇಳಿದರು, ಪೋರ್ಟಲ್‌ನಲ್ಲೂ ಅವರ ಹೆಸರು ಕಂಡಿತು. ಬಿನ್, ಸ್ಟಿಕ್ಕರ್ ಎಲ್ಲಾ ತಂಗಿ ಬರೆದುಕೊಂಡಿದ್ದಾಳೆ. ಏನು ತಗೊಂಡು ಹೋಗಬೇಕು ಮಾವ?

ಮೈಕ್ರಾನ್ ಮಾವ

ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್. ಡಿಪ್ಲೊಮಾದಲ್ಲಿ ಮಾಡಿದ ಮೆಟ್ರಾಲಜಿ (ಅಳತೆ ಶಾಸ್ತ್ರ) ಲ್ಯಾಬ್ ರೆಕಾರ್ಡ್ ಇದ್ದರೆ ಅದನ್ನೂ ಕೊಂಡೊಯ್ಯಲಿ, ಯಾರೂ ತರುವುದಿಲ್ಲ, ನೋಡಿದವರು ಖುಷಿ ಪಡುತ್ತಾರೆ. ವರ್ನಿಯರ್ ಓದುವುದನ್ನು ಒಮ್ಮೆ ಅಭ್ಯಾಸ ಮಾಡಿಕೊಳ್ಳಲಿ, ಅದನ್ನು ಕೇಳಿಯೇ ಕೇಳುತ್ತಾರೆ. ಮತ್ತೆ ಶೂ ಹಾಕಿಕೊಂಡು ಹೋಗಲಿ. ಚಪ್ಪಲಿ ಇದ್ದರೆ ಶಾಪ್ ಒಳಗೆ ಬಿಡುವುದಿಲ್ಲ, ಆಫೀಸಿನಲ್ಲೇ ಕೂರಿಸಿ ಕಳಿಸುತ್ತಾರೆ.